14–34 ಫ್ರೀವೀಲ್: ಸ್ಪೀಡ್ ಒಂದು ಚೂರೂ ಹೆಚ್ಚಲಿಲ್ಲ, ಆದರೂ ನಾಲ್ಕು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ. ಈ ಫ್ರೀವೀಲ್, ಅಂದರೆ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಕೂರಿಸುವ ಹಲ್ಲಿನ ಚಕ್ರಗಳ ಗೊಂಚಲು (ಚಿಕ್ಕದಕ್ಕೆ 14 ಹಲ್ಲು, ದೊಡ್ಡದಕ್ಕೆ 34), ಹಾಕಿಸಿದರೆ ಸೈಕಲ್ ಜೋರಾಗಿ ಓಡುತ್ತೆ ಅಂತ ಯಾರಾದರೂ ಅಂದರೆ ನಂಬಬೇಡಿ. ನನಗೆ ಹಾಗೇ ಹೇಳಿ ಮಾರಿದರು. ಒಂದು ವರ್ಷ ಎರಡು ತಿಂಗಳು ತುಳಿದಿದ್ದೇನೆ. ಸಮ ರಸ್ತೆಯಲ್ಲಿ ಆಗ ಎಷ್ಟು ಹೋಗುತ್ತಿತ್ತೋ ಈಗಲೂ ಅಷ್ಟೇ. ಹಾಗಂತ ಬಿಚ್ಚಿ ಹಳೇದು ಹಾಕಿಸೋಣವಾ ಅಂದರೆ ಸುತಾರಾಂ ಒಪ್ಪಲ್ಲ.

ಸೈಕಲ್ ನನ್ನದಲ್ಲ, ಮಗನದು. ಪಿಯುಸಿ ಸೇರುವಾಗ ಹಠ ಹಿಡಿದು ಕೊಡಿಸಿಕೊಂಡಿದ್ದ. ಇಂಜಿನಿಯರಿಂಗ್ ಓದಲು ಹಾಸನಕ್ಕೆ ಹೋದ ಮೇಲೆ ಅದು ಚಿಕ್ಕಮಗಳೂರಿನ ವಿಜಯಪುರ ಬಡಾವಣೆಯ ನಮ್ಮ ಮನೆಯ ಜಗಲಿಯಲ್ಲಿ ಒದ್ದೆ ಛತ್ರಿ ನೇತುಹಾಕುವ ಸ್ಟ್ಯಾಂಡ್ ಆಗಿತ್ತು. ನನಗೆ ಆಗ 45. ಕಾಫಿ ಕ್ಯೂರಿಂಗ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಿಗ್ಗೆ ಒಂಬತ್ತರಿಂದ ಕೂತರೆ ಸಂಜೆ ಏಳೋದು. ಶುಗರ್ ಬಂತು. ಡಾಕ್ಟರ್ ವಾಕಿಂಗ್ ಮಾಡಿ ಅಂದರು. ವಾಕಿಂಗ್‌ನಲ್ಲಿ ನನಗೆ ಬೇಜಾರು ಬರುವಷ್ಟು ಬೇಗ ಬೆವರು ಬರಲ್ಲ. ಒಂದು ಭಾನುವಾರ ಛತ್ರಿಗಳನ್ನು ತೆಗೆದಿಟ್ಟು ಸೈಕಲ್ ಹೊರಗೆ ತಂದೆ. ಮಗನಿಗೆ ಫೋನ್ ಮಾಡಿದರೆ, "ಅಮ್ಮ, ಅದು ಗೇರ್ ಸೈಕಲ್, ನಿಂಗೆ ಆಗಲ್ಲ ಬಿಡು" ಅಂದ. ಅಲ್ಲಿಗೆ ತೀರ್ಮಾನ ಆಯಿತು.

ಸೈಕಲ್ಲಿಗೆ ಮುಂದೆ, ಪೆಡಲ್ ಹತ್ತಿರ, ಹಲ್ಲಿನ ಚಕ್ರ ಮೂರು: 42, 34, 24 ಹಲ್ಲು. ಹಿಂದೆ ಏಳು: 14, 16, 18, 20, 22, 24, 28. ಮೂರೇಳ್ಲ 21, ಅಂದರೆ ಇಪ್ಪತ್ತೊಂದು ಗೇರು. ಮಾರಿದ ಅಂಗಡಿಯವರು ಇದರಲ್ಲಿ ಮುಳ್ಳಯ್ಯನಗಿರಿ ಹತ್ತಬಹುದು ಅಂತ ಮಗನಿಗೆ ಹೇಳಿದ್ದರಂತೆ. ಗಿರಿ ದೂರದ ಮಾತು, ರತ್ನಗಿರಿ ಬೋರೆಯ ಏರಿನಲ್ಲೇ ನಾನು ಮೊದಲ ವಾರ ಇಳಿದು ತಳ್ಳಿದೆ. ತಪ್ಪು ಸೈಕಲ್ಲಿನದಲ್ಲ. ಎಡಗೈ ಗೇರಿನಲ್ಲಿ ಒಂದು ಅಂದರೆ ಹಗುರ, ಮೂರು ಅಂದರೆ ಭಾರ. ಬಲಗೈಯದೂ ಒಂದು ಹಗುರ, ಏಳು ಭಾರ. ಇಷ್ಟು ಗೊತ್ತಾದರೆ ಸಾಕಿತ್ತು. ನಾನು ಬಗ್ಗಿ ಹಲ್ಲಿನ ಚಕ್ರ ನೋಡಿ ಕೆಟ್ಟೆ. ಮುಂದೆ ಚಿಕ್ಕ ಚಕ್ರಕ್ಕೆ ಚೈನ್ ಬಂದರೆ ಹಗುರ, ಹಿಂದೆ ದೊಡ್ಡದಕ್ಕೆ ಹೋದರೆ ಹಗುರ. ಒಂದಕ್ಕೊಂದು ಉಲ್ಟಾ. ತಲೆ ತಿರುಗದೆ ಇರುತ್ತಾ?

ಲೆಕ್ಕದವಳಾದ್ದರಿಂದ ಅಳೆದೇ ನೋಡೋಣ ಅನ್ನಿಸಿತು. ಗೋಡೌನಿನಿಂದ ಉದ್ದನೆ ಟೇಪು ತಂದೆ. ಮನೆ ಮುಂದಿನ ರಸ್ತೆಯಲ್ಲಿ ಸೀಮೆಸುಣ್ಣದ ಗೆರೆ ಹಾಕಿ, ಪೆಡಲ್ ಸರಿಯಾಗಿ ಒಂದೇ ಸುತ್ತು ತಿರುಗಿಸಿ, ಚಕ್ರ ಎಲ್ಲಿ ನಿಂತಿತೋ ಅಲ್ಲಿ ಇನ್ನೊಂದು ಗೆರೆ. ಎದುರುಮನೆಯವರು ಗೇಟಿನ ಹತ್ತಿರ ಬಂದು, "ಏನ್ರೀ, ರೋಡ್ ಅಗಲ ಮಾಡ್ತಾರಂತಾ?" ಅಂತ ಗಾಬರಿಯಲ್ಲಿ ಕೇಳಿದರು.

ತೀರಾ ಭಾರದ ಗೇರಿನಲ್ಲಿ, ಅಂದರೆ ಮುಂದೆ 42 ಹಿಂದೆ 14 ಇದ್ದಾಗ, ಪೆಡಲ್ ಒಂದು ಸುತ್ತಿಗೆ ಸೈಕಲ್ ಆರೂವರೆ ಮೀಟರ್ ಹೋಯಿತು. ಕಾರಣ ಸುಲಭ. 42ನ್ನು 14ರಿಂದ ಭಾಗಿಸಿದರೆ ಮೂರು. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಮೂರು ಸುತ್ತು. ನನ್ನ ಟೈರಿನ ಸುತ್ತಳತೆ ಸುಮಾರು 2.17 ಮೀಟರ್. ಮೂರರಿಂದ ಗುಣಿಸಿ. ತೀರಾ ಹಗುರದ ಗೇರಿನಲ್ಲಿ, 24ಕ್ಕೆ 28, ಹಿಂದಿನ ಚಕ್ರ ಒಂದು ಸುತ್ತೂ ಪೂರ್ತಿ ಬರಲ್ಲ. ಹೋಗಿದ್ದು 1.86 ಮೀಟರ್. ಈಗ ಒಂದು ನಿಮಿಷಕ್ಕೆ 70 ಸುತ್ತು ತುಳಿದೆ ಅಂತಿಟ್ಟುಕೊಳ್ಳಿ. ಭಾರದ ಗೇರಿನಲ್ಲಿ ಗಂಟೆಗೆ 27 ಕಿಲೋಮೀಟರ್ ವೇಗ, ಹಗುರದಲ್ಲಿ ಎಂಟರ ಹತ್ತಿರ. ಗೇರಿನ ವಿದ್ಯೆ ಇಷ್ಟೇ. ಕಾಲು ಒಂದೇ ಲಯದಲ್ಲಿ ತಿರುಗುತ್ತಿರುತ್ತೆ, ರಸ್ತೆಗೆ ತಕ್ಕಂತೆ ಹೆಜ್ಜೆ ಮಾತ್ರ ಉದ್ದ ಗಿಡ್ಡ ಆಗುತ್ತೆ.

ಅಳೆಯುವಾಗ ಒಂದು ಮೋಸವೂ ಗೊತ್ತಾಯಿತು. ಮುಂದೆ 42 ಹಿಂದೆ 24, ಮುಂದೆ 34 ಹಿಂದೆ 20, ಮುಂದೆ 24 ಹಿಂದೆ 14. ಈ ಮೂರರಲ್ಲೂ ಸೈಕಲ್ ಹೋಗುವುದು ಹೆಚ್ಚುಕಮ್ಮಿ ಮೂರು ಮುಕ್ಕಾಲು ಮೀಟರ್. ಹೀಗೆ ಒಂದರ ಮೇಲೊಂದು ಬೀಳುವ ಗೇರುಗಳನ್ನು ಕಳೆದರೆ 21ರಲ್ಲಿ ನಿಜವಾಗಿ ಬೇರೆ ಬೇರೆ ಅನ್ನಬಹುದಾದ್ದು ಒಂದು ಹದಿನಾಲ್ಕು. ಡಬ್ಬದ ಮೇಲೆ ದೊಡ್ಡದಾಗಿ ಬರೆದ ನಂಬರಿಗೆ ದುಡ್ಡು ಕೊಡಬೇಡಿ. ಹಲ್ಲು ಎಣಿಸಿ.

ಊರೊಳಗಿನ ಓಡಾಟಕ್ಕೆ, ಕೆಲಸಕ್ಕೆ ಹೋಗಿಬರೋದಕ್ಕೆ ಹಳೇ ಫ್ರೀವೀಲ್ ಸಾಕಾಗಿತ್ತು. ತೊಂದರೆ ಶುರುವಾಗಿದ್ದು ಭಾನುವಾರಗಳಲ್ಲಿ. ಹಿರೇಕೊಳಲೆ ಕೆರೆಗೆ ಹೋಗಿ ಬರುವ ಚಟ ಹತ್ತಿತು. ಆಮೇಲೆ ಕೈಮರದ ಕಡೆ. ಅಲ್ಲಿಂದ ಗಿರಿ ರಸ್ತೆ ಮೇಲಕ್ಕೆ ಹೋಗುತ್ತಲ್ಲ, ಅಲ್ಲಿ ಚೆಕ್‌ಪೋಸ್ಟ್ ದಾಟಿ ಸ್ವಲ್ಪ ದೂರಕ್ಕೇ ಮಂಡಿ ಚುರುಗುಟ್ಟುತ್ತಿತ್ತು. ಉಸಿರು ಇರುತ್ತಿತ್ತು, ಮಂಡಿ ಇರುತ್ತಿರಲಿಲ್ಲ. ಒಂದೊಂದು ತುಳಿತಕ್ಕೂ ಮೈಭಾರವೆಲ್ಲ ಪೆಡಲ್ ಮೇಲೆ ಹಾಕಬೇಕು. ಇದಕ್ಕಿಂತ ಹಗುರದ ಗೇರು ಬೇಕು ಅಂತ ಹುಡುಕಿದಾಗ ಸಿಕ್ಕಿದ್ದೇ ಈ 14–34. ಏಳರಲ್ಲಿ ಆರು ಚಕ್ರ ಹಳೇದರ ಹಾಗೇ. ಕೊನೆಯದೊಂದು ಮಾತ್ರ 28ರ ಬದಲು 34 ಹಲ್ಲು. ಹಿಂದಿನಿಂದ ನೋಡಿದರೆ ಆರು ತಟ್ಟೆಗಳ ಹಿಂದೆ ಒಂದು ಊಟದ ತಟ್ಟೆ ಇಟ್ಟ ಹಾಗೆ ಕಾಣುತ್ತೆ.

ಮೊದಲು ಹೋದ ಅಂಗಡಿಯ ಕಥೆ ಹೇಳಲೇಬೇಕು, ಹೆಸರು ಬೇಡ. ಅಲ್ಲಿದ್ದ ಹುಡುಗ, "ಮೇಡಂ, ಇದು ಹಾಕಿದ್ರೆ ಪಿಕಪ್ಪು ಸ್ಪೀಡು ಎರಡೂ ಸಖತ್ತಾಗಿ ಬರುತ್ತೆ" ಅಂದ. ಹಳೇದು ಬಿಚ್ಚಿ ಹೊಸದನ್ನು ತಿರುಗಿಸಿ ಕೂರಿಸಿ, ಹತ್ತು ನಿಮಿಷದಲ್ಲಿ ಕೈಗೆ ಕೊಟ್ಟ. 950 ರೂಪಾಯಿ. ಮನೆಗೆ ಬರುವ ದಾರಿಯಲ್ಲೇ ದೊಡ್ಡ ಚಕ್ರಕ್ಕೆ ಹಾಕಿದೆ. ಗರಗರ ಅಂತ ಕಾಫಿಪುಡಿ ಮಿಷನ್ ಸದ್ದು. ಮುಂದೆಯೂ ದೊಡ್ಡದಕ್ಕೆ ಹಾಕಿ ನೋಡಿದೆ. ಚೈನ್ ತಂತಿಯ ಹಾಗೆ ಬಿಗಿದುಕೊಂಡು, ಹಿಂದಿನ ಡಿರೈಲರ್, ಅಂದರೆ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ, ಮುಂದಕ್ಕೆ ಎಳೆದು ನಿಂತುಬಿಟ್ಟಿತು. ಪುಣ್ಯಕ್ಕೆ ನಿಧಾನ ಇದ್ದೆ, ಕಾಲು ಕೊಟ್ಟು ನಿಂತೆ. ಚೂಡಿದಾರದ ಕಾಲಿಗೆ ಗ್ರೀಸ್ ಆಗಿದ್ದು ಮಾತ್ರ ಇವತ್ತಿಗೂ ಹೋಗಿಲ್ಲ. ವಾಪಸ್ ಹೋಗಿ ಕೇಳಿದರೆ, "ಓಡಿಸ್ತಾ ಓಡಿಸ್ತಾ ಸೆಟ್ ಆಗುತ್ತೆ" ಅನ್ನುವ ಉತ್ತರ. ಚಪ್ಪಲಿ ಅಲ್ವಲ್ಲ ಇದು, ಸೆಟ್ ಆಗೋದಕ್ಕೆ.

ಸರಿಮಾಡಿದ್ದು ಒಬ್ಬ ಹಳೇ ಮೆಕ್ಯಾನಿಕ್ಕು. ಬೋರ್ಡೂ ಇಲ್ಲದ ಒಂದು ಗೂಡಂಗಡಿಯಂಥ ಜಾಗ, ಮುಂದೆ ಪಂಕ್ಚರ್ ನೋಡುವ ನೀರಿನ ಬಾಣಲಿ. ಸೈಕಲ್ ತಲೆಕೆಳಗೆ ನಿಲ್ಲಿಸಿ ಒಂದು ಸುತ್ತು ತಿರುಗಿಸಿ ಹೇಳಿದರು. "ಅಕ್ಕಾ, ಹಲ್ಲು ದೊಡ್ಡದು ಹಾಕವ್ರೆ, ದವಡೆ ಹಳೇದೇ ಬಿಟ್ಟವ್ರೆ."

ಅಷ್ಟೇ ವಿಷಯ. ನನ್ನ ಸೈಕಲ್ಲಿನ ಡಿರೈಲರ್ 28 ಹಲ್ಲಿನವರೆಗೆ ಮಾತ್ರ ಹೊಂದುವಂಥದ್ದು. 34ರ ಚಕ್ರ ಅದರ ಮೇಲಿನ ಪುಲ್ಲಿಗೆ ತಾಗುತ್ತಿತ್ತು. ಜೊತೆಗೆ ಚಕ್ರ ದೊಡ್ಡದಾದ್ದರಿಂದ ಹಳೇ ಚೈನ್ ಗಿಡ್ಡ ಬಿತ್ತು. ಅವರು 34ಕ್ಕೆ ಆಗುವ ಡಿರೈಲರ್ ತರಿಸಿದರು, 850. ಹೊಸ ಚೈನ್ 400. ಚೈನಿನ ಅಳತೆ ತೆಗೆದದ್ದು ನೋಡುವಂತಿತ್ತು. ಡಿರೈಲರ್ ಒಳಗೆ ತೂರಿಸದೆ ಮುಂದಿನ ದೊಡ್ಡ ಚಕ್ರ, ಹಿಂದಿನ ದೊಡ್ಡ ಚಕ್ರ ಎರಡನ್ನೂ ಸುತ್ತಿಸಿ ತುದಿಗೆ ತುದಿ ಹಿಡಿದು, ಅದಕ್ಕೆ ಎರಡು ಕೊಂಡಿ ಸೇರಿಸಿ ಕತ್ತರಿಸಿದರು. ಆಮೇಲೆ ಚೈನ್ ಕಡ್ಡಿಯೊಳಗೆ ಬೀಳದಂತೆ ಡಿರೈಲರ್‌ನ ಎರಡು ಪುಟ್ಟ ಸ್ಕ್ರೂ ತಿರುಗಿಸಿದರು. ಕೂಲಿ 300. ಒಟ್ಟು ಖರ್ಚು 2,500 ಆಯಿತು. ಬರೀ 950 ಅಂತ ಲೆಕ್ಕ ಹಾಕಿ ಹೊರಟವಳು ನಾನು. ನೀವು ಹೊರಡುವ ಮುಂಚೆ ನಿಮ್ಮ ಡಿರೈಲರ್ ಎಷ್ಟು ಹಲ್ಲಿನವರೆಗೆ ಆಗುತ್ತೆ ಅಂತ ಕೇಳಿಕೊಂಡು ಹೊರಡಿ.

ಈಗ ಬಳಕೆಗೆ ಬರೋಣ.

ಹೊಸ ಹಗುರದ ಗೇರಿನಲ್ಲಿ, 24ಕ್ಕೆ 34, ಪೆಡಲ್ ಒಂದು ಸುತ್ತಿಗೆ ಒಂದೂವರೆ ಮೀಟರ್. ಮತ್ತೆ ಟೇಪು ಹಿಡಿದೆ, ಎದುರುಮನೆಯವರು ಈ ಸಲ ಕೇಳಲಿಲ್ಲ. ಕೈಮರ ದಾಟಿದ ಏರಿನಲ್ಲಿ ಮೊದಲ ಸಲ ಕೂತೇ ಹತ್ತಿದೆ. ಹ್ಯಾಂಡಲ್ ಮೇಲಿನ ಮೀಟರ್ ನೋಡಿದರೆ ಗಂಟೆಗೆ ಐದು ಕಿಲೋಮೀಟರ್. ಹಳೇ ಗೇರಿನಲ್ಲಿ ಒದ್ದಾಡಿ ಹತ್ತುವಾಗಲೂ ಐದೇ! ಆಗ ಅನುಮಾನ ಬಂತು. 2,500 ರೂಪಾಯಿ ಎಲ್ಲಿ ಹೋಯಿತು?

ಕೂತು ಲೆಕ್ಕ ಹಾಕಿದೆ. ನಾನು 64 ಕೆಜಿ, ಸೈಕಲ್ 16, ಒಟ್ಟು 80. ನನ್ನಂಥ ಸಾಧಾರಣ ಕಾಲು ಬಿಡದೆ ಕೊಡುವ ಶಕ್ತಿ ಸುಮಾರು 100 ವ್ಯಾಟ್, ಹಳೇ ಕಾಲದ ನೂರು ಕ್ಯಾಂಡಲ್ ಬಲ್ಬಿನಷ್ಟು. ನೂರು ಮೀಟರ್ ಹೋದರೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಆ ಬಲ್ಬು 80 ಕೆಜಿಯನ್ನು ಎಳೆಯಬಲ್ಲ ವೇಗ ಗಂಟೆಗೆ ಐದು ಕಿಲೋಮೀಟರೇ. ಗೇರು ಯಾವುದಾದರೂ ಹಾಕಿ, ಬಲ್ಬು ಅದೇ ಅಲ್ವಾ? ವ್ಯತ್ಯಾಸ ಇರುವುದು ಬೇರೆ ಕಡೆ. ಅದೇ ಐದರ ವೇಗಕ್ಕೆ ಹಳೇ ಗೇರಿನಲ್ಲಿ ನಿಮಿಷಕ್ಕೆ 45 ಸುತ್ತು ಒತ್ತಿ ಒತ್ತಿ ತುಳಿಯಬೇಕಿತ್ತು. ಈಗ 55 ಸುತ್ತು, ಒಂದೊಂದು ತುಳಿತಕ್ಕೂ ಶೇಕಡ 18ರಷ್ಟು ಕಡಿಮೆ ಒತ್ತು. ನಮ್ಮ ಕ್ಯೂರಿಂಗಿನ ಲೆಕ್ಕದಲ್ಲಿ ಹೇಳುವುದಾದರೆ, 50 ಕೆಜಿ ಮೂಟೆಯನ್ನು ಒಂದೇ ಸಲಕ್ಕೆ ಹೊತ್ತು ಅಟ್ಟಕ್ಕೆ ಹಾಕೋದು ಒಂದು, ಅದನ್ನೇ ಬಕೆಟ್ಟಿನಲ್ಲಿ ತುಂಬಿ ತುಂಬಿ ಸಾಗಿಸೋದು ಇನ್ನೊಂದು. ಸಂಜೆಗೆ ಅಟ್ಟದ ಮೇಲಿರುವ ತೂಕ ಒಂದೇ. ಸೊಂಟ ಮಾತ್ರ ಒಂದೇ ಅಲ್ಲ.

ಇದೇ ಲೆಕ್ಕ ಇನ್ನೂ ಮೇಲಕ್ಕೆ ಹೋಯಿತು. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರ, ಮುಳ್ಳಯ್ಯನಗಿರಿ 1,900ಕ್ಕೂ ಮೇಲೆ. ಅಂದರೆ 800 ಮೀಟರ್ ಎತ್ತಬೇಕು. ನೂರು ಕ್ಯಾಂಡಲ್ ಬಲ್ಬು 80 ಕೆಜಿಯನ್ನು ಅಷ್ಟೆತ್ತರಕ್ಕೆ ಎತ್ತಲು ಒಂದೂ ಮುಕ್ಕಾಲು ಗಂಟೆ ಬರೀ ಎತ್ತುವುದಕ್ಕೇ ಬೇಕು. ಟೈರು, ಗಾಳಿ, ನೀರು ಕುಡಿಯುವುದು, ಕಾಫಿ ಗಿಡ ನೋಡುತ್ತಾ ನಿಲ್ಲುವುದು ಎಲ್ಲ ಬೇರೆ. ಈ ಒಂದೂ ಮುಕ್ಕಾಲು ಗಂಟೆಯನ್ನು ಯಾವ ಗೇರೂ ಕಮ್ಮಿ ಮಾಡಲ್ಲ. ನಾನು ಇನ್ನೂ ಮೇಲಿನವರೆಗೆ ಹೋಗಿಲ್ಲ, ಸುಳ್ಳು ಯಾಕೆ. ಕೈಮರದಿಂದ ನಾಲ್ಕು ಕಿಲೋಮೀಟರ್ ಹತ್ತಿ ತಿರುಗಿ ಬಂದಿದ್ದೇ ನನ್ನ ದಾಖಲೆ. ನೂರಕ್ಕೆ ಹನ್ನೆರಡರಷ್ಟು ಏರುವ ಕಡೆ ನನ್ನ ಬಲ್ಬಿಗೆ ವೇಗ ಮೂರೂವರೆಗೆ ಇಳಿಯುತ್ತೆ. ಅಷ್ಟು ನಿಧಾನದಲ್ಲಿ ಸೈಕಲ್ ನೆಟ್ಟಗೆ ನಿಲ್ಲಲ್ಲ, ಹಾವಿನ ಹಾಗೆ ಆಡುತ್ತೆ. ಅಲ್ಲಿ ಇಳಿದು ತಳ್ಳುತ್ತೇನೆ.

ನಮ್ಮಪ್ಪ ಏರು ಕಂಡರೆ ಮೊದಲೇ ಇಳಿಯುತ್ತಿದ್ದರು. "ಏರಲ್ಲಿ ಇಳಿದ್ರೆ ಸೈಕಲ್ಲಿಗೂ ಮರ್ಯಾದೆ, ನಮಗೂ ಮರ್ಯಾದೆ" ಅನ್ನೋರು. ಅವರ ಕಪ್ಪು ಸೈಕಲ್ ಊರಿನ ಮನೆಯ ಕೊಟ್ಟಿಗೆಯಲ್ಲಿ ಇನ್ನೂ ಇದೆ. ಹೋದ ಸಲ ಹೋದಾಗ ಹಲ್ಲು ಎಣಿಸಿ ಬಂದೆ: ಮುಂದೆ 44, ಹಿಂದೆ 18. ಚಕ್ರವೂ ದೊಡ್ಡದು. ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್. ನನ್ನ ಇಪ್ಪತ್ತೊಂದರಲ್ಲಿ ಎರಡನೇ ಮತ್ತು ಮೂರನೇ ಭಾರದ ಗೇರಿನ ನಡುವೆ ಬರುತ್ತೆ ಅದು. ಆ ಒಂದೇ ಗೇರಿನಲ್ಲಿ, ಕ್ಯಾರಿಯರ್ ಮೇಲೆ ಅರ್ಧ ಮೂಟೆ ಇಟ್ಟುಕೊಂಡು ಜೀವನಪೂರ್ತಿ ಸಂತೆಗೆ ಹೋಗಿ ಬಂದರು.

ಗೇರು ಅಂದರೆ ಸೋಮಾರಿಗಳಿಗೆ ಅನ್ನೋರು ನಮ್ಮಪ್ಪ ಒಬ್ಬರೇ ಅಲ್ಲ. 1903ರಲ್ಲಿ ಟೂರ್ ಡಿ ಫ್ರಾನ್ಸ್ ಶುರುಮಾಡಿದ ಆಂರಿ ದೆಗ್ರಾಂಜ್‌ಗೂ ಗೇರು ಕಂಡರೆ ಆಗುತ್ತಿರಲಿಲ್ಲ. ಅವರ ರೇಸಿನಲ್ಲಿ ಬೆಟ್ಟದ ಬುಡಕ್ಕೆ ಬಂದ ಸವಾರರು ಇಳಿದು, ಹಿಂದಿನ ಚಕ್ರ ಬಿಚ್ಚಿ ಉಲ್ಟಾ ಹಾಕಿ, ಇನ್ನೊಂದು ಬದಿಯ ದೊಡ್ಡ ಹಲ್ಲಿನ ಚಕ್ರಕ್ಕೆ ಚೈನ್ ಏರಿಸಿ ಮುಂದೆ ಹೋಗುತ್ತಿದ್ದರು. ಡಿರೈಲರ್ ಎಲ್ಲರಿಗೂ ಅಂತ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಗೇರು 45 ದಾಟಿದವರಿಗೆ ಮಾತ್ರ ಅನ್ನುವುದು ಆ ಮಹಾರಾಯನ ಅಭಿಪ್ರಾಯವಾಗಿತ್ತು. ನನಗೆ ಈಗ 46. ಹಾಗಾಗಿ ಆಕ್ಷೇಪಣೆ ಇಲ್ಲ.

ಸಮ ರಸ್ತೆಯ ಮಾತು. ಕಡೂರು ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ ಲಾರಿ ಕಮ್ಮಿ ಇರುವಾಗ ನೋಡಿದ್ದೇನೆ. ಗಾಳಿ ಇಲ್ಲದಿದ್ದರೆ ನನ್ನ ವೇಗ 20ರ ಆಸುಪಾಸು. ಜೀವ ಬಿಟ್ಟು ತುಳಿದರೆ ಸ್ವಲ್ಪ ಹೊತ್ತು 26. ಅಲ್ಲಿ ಅಡ್ಡ ನಿಲ್ಲುವುದು ಗೇರಲ್ಲ, ಗಾಳಿ. ವೇಗ ಎರಡರಷ್ಟು ಮಾಡಬೇಕಾದರೆ ಗಾಳಿಯನ್ನು ಸೀಳಲು ಶಕ್ತಿ ಎಂಟರಷ್ಟು ಬೇಕು. ಆಷಾಢದಲ್ಲಿ ಇದು ಚೆನ್ನಾಗಿ ತಿಳಿಯುತ್ತೆ. ನೈಋತ್ಯದ ಗಾಳಿ ಬೆನ್ನಿಗೆ ಕೈಕೊಟ್ಟು ಕಡೂರು ಕಡೆ ತಳ್ಳುತ್ತೆ. 42ಕ್ಕೆ 14 ಹಾಕಿ 27ರಲ್ಲಿ ಹೋಗುವಾಗ ನಾನೇ ಮಹಾ ಸವಾರಿಣಿ ಅನ್ನಿಸುತ್ತೆ. ತಿರುಗಿ ಊರ ಕಡೆ ಮುಖ ಮಾಡಿದ ತಕ್ಷಣ 34ಕ್ಕೆ 20, ವೇಗ 13. ಅದೇ ಕಾಲು, ಅದೇ ಸೈಕಲ್. ಗಾಳಿಯೂ ಒಂದು ಏರೇ, ಕಣ್ಣಿಗೆ ಕಾಣಲ್ಲ ಅಷ್ಟೇ.

"ಹಿಂದೆ 11 ಹಲ್ಲಿಂದು ಹಾಕಿಸಿ ಆಂಟಿ, ನಲವತ್ತು ಹೋಗುತ್ತೆ" ಅಂತ ಮಗನ ಸ್ನೇಹಿತನೊಬ್ಬ ಹೇಳಿದ. ಲೆಕ್ಕದಲ್ಲಿ ಹೋಗುತ್ತೆ. 42ಕ್ಕೆ 11 ಅಂದರೆ ಒಂದು ಸುತ್ತಿಗೆ ಎಂಟು ಮೀಟರಿಗೂ ಜಾಸ್ತಿ, ನಿಮಿಷಕ್ಕೆ 80 ಸುತ್ತು ತುಳಿದರೆ ನಲವತ್ತು. ಆ 80 ಸುತ್ತು ತುಳಿಯಲು ಕಾಲು ಅವನು ತಂದುಕೊಡುತ್ತಾನಾ? ಕೈಮರದಿಂದ ಇಳಿಯುವಾಗ ಮಾತ್ರ ಮೂವತ್ತು ದಾಟಿದರೆ ನನ್ನ ಪೆಡಲ್ ಖಾಲಿ ತಿರುಗಿದ ಹಾಗಾಗುತ್ತೆ, ನಿಜ. ಆಗ ನನ್ನ ಗಮನವೆಲ್ಲ ಬ್ರೇಕಿನ ಮೇಲಿರುತ್ತೆ. ತುಳಿಯುವ ಯೋಚನೆಯೇ ಬರಲ್ಲ.

ಒಂದು ಸ್ಟಾರ್ ಯಾಕೆ ಕಿತ್ತುಕೊಂಡೆ ಅಂದರೆ, 24ರಿಂದ 34ಕ್ಕೆ ಇರುವ ಆ ಜಿಗಿತಕ್ಕೆ. ಹಳೇದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹಗುರ ಆಗುತ್ತಿತ್ತು. ಇದರಲ್ಲಿ ಕೊನೆಯ ಮೆಟ್ಟಿಲು ಮೊಣಕಾಲೆತ್ತರ. ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ ಹೋಗುತ್ತಿದ್ದದ್ದು ಒಮ್ಮೆಲೇ ಒಂದೂವರೆಗೆ ಬೀಳುತ್ತೆ. ಕಾಲು ಸಡಿಲವಾಗಿ ಪರಪರ ತಿರುಗಿ, ಸೈಕಲ್ ಅರೆಗಳಿಗೆ ನಿಂತಂತಾಗುತ್ತೆ. ನಡುವೆ ಒಂದು 28 ಇದ್ದಿದ್ದರೆ ಅಂತ ಪ್ರತಿ ಭಾನುವಾರ ಅಂದುಕೊಳ್ಳುತ್ತೇನೆ. ಏಳೇ ಚಕ್ರದಲ್ಲಿ ಎಲ್ಲ ಬೇಕು ಅಂದರೆ ಎಲ್ಲಿಂದ ತರುತ್ತಾರೆ, ಅದೂ ಸರಿ.

ಅಭ್ಯಾಸ ಒಂದೇ ಇದಕ್ಕೆ ಮದ್ದು. ಏರು ಶುರುವಾಗುವ ಮುಂಚೆಯೇ ಗೇರು ಹಾಕಬೇಕು. ಹಾಕುವಾಗ ಪೆಡಲ್ ತಿರುಗುತ್ತಿರಬೇಕು, ಒತ್ತಬಾರದು. ಅರ್ಧ ಏರಿನಲ್ಲಿ, ಮೈಭಾರ ಬಿಟ್ಟು ತುಳಿಯುತ್ತಾ ಗೇರು ಎಳೆದರೆ ಚೈನ್ ಕಟಕಟ ಅಂತ ಬೈಯುತ್ತೆ. ಮುಂದೆ ದೊಡ್ಡದು ಹಿಂದೆಯೂ ದೊಡ್ಡದು, ಮುಂದೆ ಚಿಕ್ಕದು ಹಿಂದೆಯೂ ಚಿಕ್ಕದು ಹಾಕಬಾರದು, ಚೈನ್ ಓರೆಯಾಗಿ ಎಳೆದು ಬೇಗ ಸವೆಯುತ್ತೆ. ಹೇಗೂ ಅದೇ ಹೆಜ್ಜೆ ಬೇರೆ ಜೋಡಿಯಲ್ಲಿ ಸಿಗುತ್ತಲ್ಲ.

ಮಳೆಗಾಲದ ಬಗ್ಗೆ ಕೇಳಬೇಡಿ. ಜೂನ್‌ನಿಂದ ಕೆಂಪು ಮಣ್ಣು ಫ್ರೀವೀಲಿನ ಸಂದಿಗೆಲ್ಲ ಸೇರಿಕೊಂಡು, ಒರೆಸದೆ ಎರಡು ದಿನ ಬಿಟ್ಟರೆ ಚೈನ್ ತುಕ್ಕಿನ ಬಣ್ಣಕ್ಕೆ ತಿರುಗುತ್ತೆ. ಹಳೇ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ ಸಿಗದೆ ಡೀಸೆಲ್ಲು, ಆಮೇಲೆ ಎರಡು ಹನಿ ಎಣ್ಣೆ, ಮೇಲೆ ಒಣಬಟ್ಟೆ. ಗೌರಿ ಹಬ್ಬಕ್ಕೆ ಮಗ ಬಂದಾಗ ಇದನ್ನು ಅವನಿಗೇ ಒಪ್ಪಿಸಿದ್ದೆ. ಒಂದು ರೌಂಡ್ ಹೋಗಿ ಬಂದು, "ಅಮ್ಮ, ಸ್ಪೀಡ್ ಏನೂ ಜಾಸ್ತಿ ಆಗಿಲ್ವಲ್ಲ" ಅಂದ. ಹಿರೇಕೊಳಲೆಗೆ ಹೋಗಿ ಬಾ, ಆಮೇಲೆ ಮಾತಾಡು ಅಂದೆ. ಹೋಗಲಿಲ್ಲ, ಮಲಗಿದ.

ಫ್ರೀವೀಲಿನ ಹಲ್ಲು ಇನ್ನೂ ಚೆನ್ನಾಗಿದೆ. ಚೈನ್ ಅಳೆಯುವ ಉಪಾಯ ಅದೇ ಮೆಕ್ಯಾನಿಕ್ಕು ಹೇಳಿಕೊಟ್ಟಿದ್ದು. ಒಂದೊಂದು ಕೊಂಡಿ ಅರ್ಧ ಅಂಗುಲ, 24 ಕೊಂಡಿ ಸರಿಯಾಗಿ 12 ಅಂಗುಲ ಇರಬೇಕು. ಒಂದು ಗೆರೆ, ಅಂದರೆ ಅಂಗುಲದ ಹದಿನಾರನೇ ಒಂದು ಭಾಗ ಜಾಸ್ತಿ ಬಂತು ಅಂದರೆ ಚೈನ್ ಬದಲಿಸಬೇಕು. ಎರಡು ಗೆರೆ ಆಗುವವರೆಗೆ ಬಿಟ್ಟರೆ ಫ್ರೀವೀಲನ್ನೂ ತಿಂದುಹಾಕುತ್ತೆ. ನಿನ್ನೆ ರಾತ್ರಿ ಮಗನ ಜಾಮೆಟ್ರಿ ಬಾಕ್ಸಿನ ಪಕ್ಕದಲ್ಲಿದ್ದ ಸ್ಟೀಲ್ ಸ್ಕೇಲ್ ಹಿಡಿದು ನೋಡಿದೆ. ಒಂದು ಗೆರೆ ಬಂದಿದೆ. ಶನಿವಾರ ಅಂಗಡಿಗೆ ಹೋಗಬೇಕು, 400 ರೂಪಾಯಿ ತೆಗೆದಿಟ್ಟಿದ್ದೇನೆ.